ಸಾಹೇಬನ ನೀಲಿ

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿ ತೊಳೆಯುವವಳನ್ನು ಎಲ್ಲರೂ ಬಾಟಲಕ್ಕ ಎನ್ನುತ್ತಿದ್ದರು. ಅವಳು ಮಾತ್ರ ಹೊಸ ಮೇಲಧಿಕಾರಿಯನ್ನು ಮನಸ್ಸಿನಲ್ಲೇ ಮೂಗಿನ ಸಾಹೇಬ ಎನ್ನುತ್ತಿದ್ದಳು. ಆ ಮೂಗಿಗೆ ಆಸಿಡ್ ವಾಸನೆ ಆಗಿಬರುತ್ತಿರಲಿಲ್ಲ. ಅಷ್ಟು ವರ್ಷ ರಸಾಯನಶಾಸ್ತ್ರ ಓದಿ ಆಸಿಡ್ ಕಂಡರೆ ಕರವಸ್ತ್ರ ತೆಗೆಯುವ ಗಂಡಸು! ಅಡುಗೆಯವನಿಗೆ ಹೊಗೆ ಆಗದಿದ್ದ ಹಾಗೆ.

ಮೊದಲು ಅವಳು ಬಾಟಲಿಗಳನ್ನು ತೆಳು ಆಸಿಡ್‌ನಲ್ಲಿ ನೆನೆಹಾಕಿ, ಬಟ್ಟಿ ಇಳಿಸಿದ ನೀರಿನಲ್ಲಿ ಆರು ಸಲ ಜಾಲಿಸುತ್ತಿದ್ದಳು. ಸಾಹೇಬ ಬಂದ ವಾರಕ್ಕೇ ಆಸಿಡ್ ತೊಟ್ಟಿಗೆ ಮುಚ್ಚಳ ಬಿತ್ತು, ತೊಳೆಯುವ ಪುಡಿಯ ಚೀಲ ಬಂತು. ಏಳನೇ ತರಗತಿಗೆ ಶಾಲೆ ಬಿಟ್ಟವಳಾದರೂ ಚೀಲದ ಮೇಲಿನ ಅಕ್ಷರ ಓದಲು ಅವಳಿಗೆ ಯಾರ ಹಂಗೂ ಬೇಕಿರಲಿಲ್ಲ: ಟ್ರೈಸೋಡಿಯಂ ಫಾಸ್ಫೇಟ್.

ಅಂದಿನಿಂದ ಬಂದ ನೀರೆಲ್ಲ ನೀಲಿ. ಚರಂಡಿಯೋ ಗೊಬ್ಬರವೋ ಸೇರಿ ನೀರಿನಲ್ಲಿ ಫಾಸ್ಫೇಟ್ ಇದ್ದರೆ ಪರೀಕ್ಷೆಯ ಹನಿ ಬಿದ್ದ ಹತ್ತು ನಿಮಿಷಕ್ಕೆ ಅದು ನೀಲಿಯಾಗುತ್ತದೆ. ಹೊಳೆ, ಬಾವಿ, ನಲ್ಲಿ, ಎಲ್ಲವೂ ನೀಲಿ. ಸಾಹೇಬ ಎದೆಯುಬ್ಬಿಸಿ ಓಡಾಡಿದ. ಊರಿಗೆ ಊರೇ ಕೆಟ್ಟಿರುವುದು ತಾನು ಬರುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ.

ಆಮೇಲೆ ಅವಳ ತಮ್ಮನ ಮೀನಿನ ಕೊಳದ ನೀರೂ ಶಾಯಿಯಂತಾಯಿತು. ಶನಿವಾರದೊಳಗೆ ಕೊಳ ಬರಿದು ಮಾಡಬೇಕೆಂದು ಪುರಸಭೆಯ ಆದೇಶ ಬಂತು. ಮೀನುಗಳು ಇನ್ನೂ ಅಂಗೈಯಷ್ಟೂ ಬೆಳೆದಿರಲಿಲ್ಲ.

ತಮ್ಮ ಗೇಟಿನ ಹತ್ತಿರ ಬಂದು ನಿಂತ. "ಅಕ್ಕಾ, ನೀನು ಅಲ್ಲೇ ಇರ್ತೀಯ. ಒಂದು ಮಾತು ಹೇಳಬಾರದಾ?"

"ಹೇಳ್ತೀನಿ ಕಣೋ. ಆದ್ರೆ ಅವನಿಗೆ ಕಿವಿ ಇರೋದು ಕನ್ನಡಕ ಸಿಗಿಸೋಕೆ."

ಹೇಳಿಯೂ ಹೇಳಿದಳು. "ಸಾರ್, ಆ ಪುಡೀಲೇ ಫಾಸ್ಫೇಟ್ ಇದೆ. ಎಷ್ಟು ಜಾಲಿಸಿದ್ರೂ ಬಾಟಲೀಲಿ ಉಳಿಯುತ್ತೆ."

ಸಾಹೇಬ ನಕ್ಕ. "ಫಾಸ್ಫೇಟ್ ಅಯಾನು ಅಂದ್ರೆ ಏನು ಗೊತ್ತೇನಮ್ಮ ನಿಂಗೆ?"

"ಒಂದು ರಂಜಕ, ನಾಲ್ಕು ಆಮ್ಲಜನಕ, ಮೂರು ಋಣ ಸಾರ್. ನೀವು ಬೋರ್ಡಿನ ಮೇಲೆ ಬರೆದದ್ದನ್ನ ದಿನಾ ಒರೆಸೋಳು ನಾನೇ ಅಲ್ವಾ?"

ಮೂಲೆಯಲ್ಲಿದ್ದ ಗುಮಾಸ್ತ ಕೆಮ್ಮಿ ನಗು ನುಂಗಿದ.

"ಗಿಳಿಪಾಠ! ಹೋಗಿ ಬಾಟಲಿ ತೊಳಿ," ಎಂದ ಸಾಹೇಬ.

ತೊಳೆದಳು. ಒಂದು ಬಾಟಲಿಯನ್ನು ಆಸಿಡ್‌ನಲ್ಲಿ, ಒಂದನ್ನು ಪುಡಿಯಲ್ಲಿ. ಎರಡಕ್ಕೂ ಬಟ್ಟಿ ಇಳಿಸಿದ ನೀರನ್ನೇ ತುಂಬಿ, ಒಂದು, ಎರಡು ಎಂದು ಚೀಟಿ ಅಂಟಿಸಿದಳು.

ಶುಕ್ರವಾರ ಮಧ್ಯಾಹ್ನ ಪುರಸಭೆಯ ಎಂಜಿನಿಯರಮ್ಮ ಕೊನೆಯ ವರದಿಗೆ ಬಂದರು. ಅವರೆದುರು ಪರೀಕ್ಷೆ ಮಾಡಿ ತೋರಿಸುವ ಹುಮ್ಮಸ್ಸು ಸಾಹೇಬನಿಗೆ. ಬಾಟಲಕ್ಕ ಎರಡನ್ನೂ ಮುಂದಿಟ್ಟು ಸರಿದು ನಿಂತಳು. ಯಾವ ನೀರು ಎಂದು ಅವನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಅವನು ಎರಡಕ್ಕೂ ಹನಿ ಹಾಕಿ ಹತ್ತು ನಿಮಿಷ ಕಳೆಯಿತು. ಮೊದಲನೆಯದು ತಿಳಿಯಾಗೇ ಉಳಿಯಿತು. ಎರಡನೆಯದು ನೀಲಿ.

"ನೋಡಿ ಮೇಡಂ, ಇದು ಕೊಳದ್ದು. ಇದಕ್ಕೆ ಮೀನಲ್ಲ, ಎಮ್ಮೆ ಇಳಿದ್ರೂ ಉಳಿಯಲ್ಲ!"

"ಸಾರ್," ಎಂದಳು ಬಾಟಲಕ್ಕ, ನೆಲ ನೋಡುತ್ತ, "ಎರಡೂ ನಮ್ಮ ಬಟ್ಟಿ ನೀರೇ. ಮೊದಲನೇದು ಆಸಿಡ್‌ನಲ್ಲಿ ತೊಳೆದ ಬಾಟಲಿ. ಎರಡನೇದು ನಿಮ್ಮ ಪುಡೀದು."

ಎಂಜಿನಿಯರಮ್ಮ ಬಾಟಲಿ ನೋಡಿದರು, ಸಾಹೇಬನನ್ನು ನೋಡಿದರು. "ಕೊಳದ ನೀರನ್ನ ಸರಿಯಾದ ಬಾಟಲೀಲಿ ನೋಡಿ, ನನ್ನೆದುರಿಗೇ," ಎಂದರು.

ನೋಡಿದರು. ಕೊಳದ ನೀರು ಬಣ್ಣ ತಿರುಗಲೇ ಇಲ್ಲ. ಅವರು ಆದೇಶದ ಹಾಳೆಯನ್ನು ಅಲ್ಲೇ ಹರಿದರು.

"ನಂಗೂ ಅದೇ ಅನುಮಾನ ಇತ್ತು ಮೇಡಂ," ಎಂದ ಸಾಹೇಬ. ಬಾಟಲಕ್ಕನ ಕಡೆ ತಿರುಗಿ, ತಾನೇ ಕಂಡುಹಿಡಿದವನ ಗತ್ತಿನಲ್ಲಿ, "ಇನ್ಮೇಲೆ ಆಸಿಡ್‌ನಲ್ಲೇ ತೊಳೀಬೇಕು. ತಿಳೀತಾ?"

"ತಿಳೀತು ಸಾರ್."

ಅವನು ಇನ್ನೂ ಅಲ್ಲೇ ನಿಂತಿರುವಾಗಲೇ ತೊಟ್ಟಿಯ ಮುಚ್ಚಳವನ್ನು ಪೂರ್ತಿ ತೆಗೆದು, ಆತುರವಿಲ್ಲದೆ ಬಾಟಲಿಗಳನ್ನು ಒಂದೊಂದಾಗಿ ಇಳಿಬಿಟ್ಟಳು.