ಬಿತ್ತೋದು, ಬೀಸೋದು

ಹಿಟ್ಟಿನ ಮಿಲ್ಲು ಓಡುವಾಗ ಅದರ ಪಕ್ಕ ನಿಂತು ಮಾತಾಡಬಾರದು. ಮಾತಾಡಲೇಬೇಕಾಗಿ ಬಂದರೆ, ಎರಡು ಸಲ ಕೇಳಿಸಿಕೊಳ್ಳದೆ ತಲೆ ಆಡಿಸಬಾರದು. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಿಲ್ಲು ಇಟ್ಟಿರುವ ಪಂಚಾಕ್ಷರಪ್ಪ ಇದನ್ನು ಭುವನಾಗೆ ಮೊದಲ ದಿನವೇ ಹೇಳಿದ್ದ. ಹೇಳಿದರೇನು, ಹದಿನೇಳರ ವಯಸ್ಸು ಯಾವ ಬುದ್ಧಿಮಾತನ್ನು ಒಂದೇ ಏಟಿಗೆ ಕಿವಿಗೆ ಹಾಕಿಕೊಂಡಿದೆ?

ಪಿಯುಸಿ ಮುಗಿಸಿ, ಡಿಗ್ರಿ ಕಾಲೇಜು ಶುರುವಾಗುವ ತನಕ ಮನೆಯಲ್ಲಿ ಯಾಕೆ ಕೂರುವುದೆಂದು ಅವಳು ಈ ಕೆಲಸಕ್ಕೆ ಸೇರಿದ್ದಳು. ಇಲ್ಲಿಯವರೆಗೆ ತೂಕ ಹಾಕುವುದು, ಚೀಲದ ಬಾಯಿ ಹಿಡಿಯುವುದು, ಅಷ್ಟೇ. ಆವತ್ತು ಬೆಳಿಗ್ಗೆ ಪಂಚಾಕ್ಷರಪ್ಪ ಹೊಸ ಬೆಲ್ಟ್ ತರಲು ಬೀರೂರಿಗೆ ಹೊರಟವನು, "ಇವತ್ತು ನೀನೇ ನೋಡ್ಕೋ, ಮಧ್ಯಾಹ್ನಕ್ಕೆ ಬತ್ತೀನಿ" ಎಂದು ಮಿಲ್ಲನ್ನು ಅವಳ ಕೈಗೇ ಬಿಟ್ಟ. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರಿಗೆಲ್ಲ "ಅಲ್ಲಿಡಿ, ಇಲ್ಲಿಡಿ" ಎಂದು ಯಜಮಾನಿಯ ಹಾಗೆ ಹೇಳತೊಡಗಿದಳು.

ಆಗ ಬಂದವನು ರುದ್ರಮೂರ್ತಿ. ಊರಾಚೆ ಹೊಲ ಇರುವ ರೈತ, ಸದಾ ಅವಸರದ ಮನುಷ್ಯ. ಬೈಕಿನಿಂದ ಎರಡು ಚೀಲ ಇಳಿಸಿದ, ಒಂದು ಹಸಿರು, ಒಂದು ಬಿಳಿ. ಎರಡರಲ್ಲೂ ರಾಗಿ. ಬಾಗಿಲಲ್ಲೇ ನಿಂತು, ಓಡುತ್ತಿದ್ದ ಮಿಲ್ಲಿನ ಸದ್ದಿಗೆ ಮೇಲಾಗಿ ಕೂಗಿದ.

"ಹಸಿರು ಚೀಲದ್ದು ಬಿತ್ತೋದು ಕಣಮ್ಮ!"

ಭುವನಾಗೆ ಕೇಳಿಸಿದ್ದು 'ಬೀಸೋದು'. ಸರಿ ಎಂದು ತಲೆ ಆಡಿಸಿದಳು. ಅವನು ಬಿಳಿ ಚೀಲದ ಬಗ್ಗೆಯೂ ಏನೋ ಹೇಳಿದ, ಅಷ್ಟರಲ್ಲಿ ಇವಳು ಆಚೆ ತಿರುಗಿದ್ದಳು. ಗೊಬ್ಬರ ಹೇರಿಕೊಂಡು ಬರಲು ಅವನು ಖಾಲಿ ಬೈಕಿನಲ್ಲಿ ಗೊಬ್ಬರದ ಅಂಗಡಿಗೆ ಹೋದ.

ಹಸಿರು ಚೀಲ ಸುರಿಯುವಾಗ ಬೆಳ್ಳಗೆ ಪುಡಿ ಎದ್ದಿತು, ಮೂಗಿಗೆ ಏನೋ ಒಂಥರಾ ಘಾಟು ಬಡಿಯಿತು. ಹುಳ ಬೀಳದಿರಲಿ ಎಂದು ಬೂದಿ ಬೆರೆಸಿಟ್ಟ ರಾಗಿ ಇರಬೇಕು ಎಂದುಕೊಂಡಳು. ನಿಲ್ಲಿಸಿ ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲದವಳು ಅನ್ನಿಸಿಕೊಳ್ಳಬೇಕಾಗುತ್ತದಲ್ಲ! ಬೀಸಿಬಿಟ್ಟಳು.

ಅದಾದ ಮೇಲೆ ಮಲ್ಲಿಕಾಂಬಜ್ಜಿ ಸಣ್ಣ ಡಬ್ಬಿ ಹಿಡಿದು ಬಂದಳು. ಮಗಳು ಶಾಂಭವಿ ಕೂಸಿನ ಜೊತೆ ತವರಿಗೆ ಬಂದಿದ್ದಾಳೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿ, ಕೂಸಿಗೆ ರಾಗಿ ಸರಿ ಕಾಯಿಸಿ ಉಣ್ಣಿಸುವುದಕ್ಕೆ. ಮಿಲ್ಲಿನ ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿಯಾದರೂ ಉಳಿದಿರುತ್ತದೆ, ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಬೀಸಿಸಿಕೊಂಡು ಹಳಬಳಾದ ಅಜ್ಜಿ ಅದಕ್ಕೇ ಕೇಳಿದಳು.

"ಇದ್ಕೂ ಮೊದ್ಲು ಏನ್ ಹಾಕಿದ್ದೆ ಮಗಾ? ಮೆಣಸಿನಕಾಯಿ ಗಿಣಸಿನಕಾಯಿ ಅಲ್ಲ ತಾನೆ?"

"ರಾಗೀನೇ ಅಜ್ಜಿ, ಹೆದರ್ಬೇಡಿ."

ಅಜ್ಜಿ ನಂಬಿದಳು. ಡಬ್ಬಿ ತುಂಬಿಸಿಕೊಂಡು ಹೋದಳು. ಅವಳೇ ಕೊನೆಯವಳು. ಆಮೇಲೆ ಕರೆಂಟು ಹೋಯಿತು.

ಮಧ್ಯಾಹ್ನ ಪಂಚಾಕ್ಷರಪ್ಪ ವಾಪಸು ಬಂದ ಹೊತ್ತಿಗೇ ರುದ್ರಮೂರ್ತಿಯೂ ಬಂದ. ಬಿಳಿ ಚೀಲ ಕಟ್ಟಿದ ಹಾಗೇ ಇತ್ತು. ಹಸಿರು ಚೀಲದಲ್ಲಿ ಕೈಯಿಟ್ಟವನ ಮುಖ ಕಪ್ಪಿಟ್ಟಿತು.

"ಲೇ, ಇದು ಬಿತ್ತೋ ರಾಗಿ ಕಣೇ! ಹುಳದ್ ಔಷಧಿ ಪುಡಿ ಕಲ್ಸಿದ್ದೆ. ಬಿತ್ತೋದು ಅಂತ ಬಡ್ಕೊಂಡ್ನಲ್ಲ! ಬೀಸೋಕ್ ತಂದಿದ್ದು ಆ ಬಿಳಿ ಚೀಲದ್ದು!"

"ನಂಗೆ ಬೀಸೋದು ಅಂತ ಕೇಳಿಸ್ತು" ಎಂದಳು ಭುವನಾ.

ರುದ್ರಮೂರ್ತಿ ಕೂಗಾಡಿದ. ಪಂಚಾಕ್ಷರಪ್ಪ ಅವನ ತೋಳು ಹಿಡಿದು ಸಮಾಧಾನ ಮಾಡಿದ, ಬೇರೆ ಬೀಜ ಕೊಡಿಸುತ್ತೇನೆ ಅಂದ. ಹಿಟ್ಟು ಇಲ್ಲೇ ಇದೆ, ಯಾರೂ ತಿಂದಿಲ್ಲ, ಗುಂಡಿ ತೋಡಿ ಮುಚ್ಚಿದರೆ ಮುಗಿಯಿತು ಅಂದ. ಇಬ್ಬರೂ ಉಸಿರು ಬಿಟ್ಟರು.

ಭುವನಾ ಮಾತ್ರ ಬಿಡಲಿಲ್ಲ. ಅವಳಿಗೆ ಆ ಸಣ್ಣ ಡಬ್ಬಿ ನೆನಪಾಗಿತ್ತು.

"ಯಜಮಾನ್ರೇ, ಇದಾದ್ಮೇಲೆ ಮಲ್ಲಿಕಾಂಬಜ್ಜಿ ಕೂಸಿನ್ ಸರಿ ಹಿಟ್ಟು ಬೀಸಿದೀನಿ."

ಪಂಚಾಕ್ಷರಪ್ಪ ದನಿ ತಗ್ಗಿಸಿದ. "ಕಲ್ಲಲ್ಲಿ ಉಳ್ದಿರೋದು ಎಷ್ಟು, ಒಂದ್ ಹಿಡಿ. ಅದ್ರಿಂದ ಏನೂ ಆಗಲ್ಲ. ಸುಮ್ನಿರು. ಊರ್ ತುಂಬಾ ಗೊತ್ತಾದ್ರೆ ನಾಳೆ ಈ ಬಾಗ್ಲಿಗೆ ಒಂದ್ ನರಪಿಳ್ಳೆ ಬರಲ್ಲ."

"ಕೂಸು ಅದು, ಯಜಮಾನ್ರೇ."

"ಹೇಳಿದ್ನಲ್ಲ. ಈಗ್ ಅವ್ರ್ ಮನೆಗ್ ಹೊರ್ಟ್ರೆ ಮತ್ತೆ ಕೆಲ್ಸಕ್ಕೆ ಬರ್ಬೇಡ."

ಭುವನಾ ರುದ್ರಮೂರ್ತಿಯ ಕಡೆ ತಿರುಗಿದಳು. "ಅಣ್ಣ, ಆ ಔಷಧಿ ಹೆಸ್ರೇನು?" ಅವನು ಪಂಚಾಕ್ಷರಪ್ಪನ ಮುಖ ನೋಡಿದ, ಇವಳ ಮುಖ ನೋಡಿದ. ಕೊನೆಗೆ ಬೈಕಿನ ಬ್ಯಾಗಿನಿಂದ ಖಾಲಿ ಪೊಟ್ಟಣ ತೆಗೆದು ಕೊಟ್ಟ. ಅವಳು ಅದನ್ನು ಹಿಡಿದುಕೊಂಡು ಓಡಿದಳು.

ಮಲ್ಲಿಕಾಂಬಜ್ಜಿಯ ಮನೆ ರೈಲ್ವೆ ಸ್ಟೇಷನ್ ಕಡೆಗೆ. ಬಿಸಿಲು ನೆತ್ತಿ ಸುಡುತ್ತಿತ್ತು, ಚಪ್ಪಲಿ ಒಂದು ಎಲ್ಲೋ ಕಿತ್ತುಹೋಯಿತು. ಇನ್ನೂ ಒಲೆ ಹಚ್ಚಿರಬಾರದು, ಕೂಸು ಮಲಗಿರಬೇಕು, ಕರೆಂಟಿನ ಹಾಗೆ ಗ್ಯಾಸೂ ಖಾಲಿಯಾಗಿರಬೇಕು ಎಂದು ಗೊತ್ತಿರುವ ದೇವರಿಗೆಲ್ಲ ಬೇಡಿಕೊಂಡಳು.

ಯಾವ ದೇವರೂ ಬಿಡುವಾಗಿರಲಿಲ್ಲ. ಬಟ್ಟಲು ತೊಳೆದು ಬೋರಲು ಹಾಕಿತ್ತು. ಶಾಂಭವಿ ತೂಗುತ್ತಿದ್ದ ತೊಟ್ಟಿಲಲ್ಲಿ ಕೂಸು ಮಲಗಿತ್ತು, ತುಟಿಯ ಅಂಚಿನಲ್ಲಿ ಸರಿ ಒಣಗಿತ್ತು. ಮಲಗಿದ ಕೂಸನ್ನು ನೋಡಿ ಅಷ್ಟು ಭಯ ಆಗಬಹುದೆಂದು ಭುವನಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಅಕ್ಕ, ಅದನ್ನ ಎಬ್ಸಿ. ನಾನು ತಪ್ಪು ಮಾಡ್ಬಿಟ್ಟೆ" ಎಂದಳು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದಳು.

ಶಾಂಭವಿ ಕೂಸನ್ನು ಎತ್ತಿ ಅಲುಗಾಡಿಸಿದಳು. ಅದು ಕಣ್ಣು ಬಿಡಲಿಲ್ಲ. ಇನ್ನೊಮ್ಮೆ ಅಲುಗಾಡಿಸಿದಳು. ಮುಖ ಕಿವುಚಿಕೊಂಡು ಬೀದಿಗೆ ಕೇಳುವ ಹಾಗೆ ಅತ್ತಿತು. ಆ ಅಳು ಕೇಳಿ ಭುವನಾಗೂ ಅಳು ಬಂತು. ಅಳುವ ಪುರುಸೊತ್ತು ಇರಲಿಲ್ಲ. ಆಟೋ ಕರೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಪೊಟ್ಟಣ ಓದಿದರು, ಕೂಸಿನ ಕಣ್ಣು, ಹೊಟ್ಟೆ ಎಲ್ಲ ನೋಡಿದರು. ಹೊಟ್ಟೆಗೆ ಹೋಗಿರುವುದು ಕಡಿಮೆ ಇರಬೇಕು, ಆದರೂ ಸಂಜೆಯವರೆಗೆ ಕಣ್ಣೆದುರೇ ಇರಲಿ, ವಾಂತಿಯಾದರೆ ತಕ್ಷಣ ಕರೆಯಿರಿ ಅಂದರು. ಆ ಹಿಟ್ಟನ್ನು ಇನ್ನು ಮುಟ್ಟಬೇಡಿ ಅಂದರು. ಶಾಂಭವಿ ಬೆಂಚಿನ ಮೇಲೆ ಕೂಸನ್ನು ಎದೆಗೊತ್ತಿಕೊಂಡು ಕೂತಳು. ಭುವನಾಳ ಕಡೆ ಒಂದು ಸಲವೂ ನೋಡಲಿಲ್ಲ. ಮಲ್ಲಿಕಾಂಬಜ್ಜಿ ಮಾತ್ರ, "ರಾಗೀನೇ ಅಂದಿದ್ಯಲ್ಲೇ" ಎಂದಳು, ಮತ್ತೆ ಮತ್ತೆ ಅದನ್ನೇ ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಷ್ಟರಲ್ಲಿ ಪಂಚಾಕ್ಷರಪ್ಪ ಬಂದ. ಸುದ್ದಿ ಬೀದಿಗೆ ಬಿದ್ದಿತ್ತು, ಹಿಂದೆ ನಾಲ್ಕು ಜನರೂ ಇದ್ದರು. ಕೈ ಮುಗಿದುಕೊಂಡೇ ಒಳಗೆ ಬಂದ.

"ತಾಯಿ, ನಂಗೆ ಈಗ್ಲೇ ಗೊತ್ತಾಗಿದ್ದು. ಗೊತ್ತಾದ ತಕ್ಷಣ ಓಡ್ಬಂದೆ. ಚಿಕ್ಕ್ ಹುಡ್ಗಿ, ಹೆದರ್ಕೊಂಡು ನಂಗೂ ಹೇಳ್ದೆ ಮುಚ್ಚಿಟ್ಬಿಟ್ಟಿದ್ಲು."

ಹೇಳುತ್ತಾ ಭುವನಾಳ ಕಡೆ ಕಣ್ಣಲ್ಲೇ ಒಂದು ಸನ್ನೆ ಮಾಡಿದ. ಇಷ್ಟು ಒಪ್ಪಿಕೋ, ನಾಳೆಯಿಂದ ಕೆಲಸಕ್ಕೆ ಬಾ ಅನ್ನುವ ಸನ್ನೆ. ಒಪ್ಪಿಕೊಳ್ಳುವುದು ಸುಲಭವೂ ಆಗಿತ್ತು. ಆಗಲೇ ಬೆನ್ನ ಮೇಲೆ ಇಷ್ಟು ಬಿದ್ದಿತ್ತು, ಇನ್ನೊಂದು ಬಿದ್ದರೆ ಯಾರು ಲೆಕ್ಕ ಇಡುತ್ತಾರೆ?

ಭುವನಾ ಎದ್ದು ನಿಂತಳು.

"ತಪ್ಪಾಗಿ ಕೇಳಿಸ್ಕೊಂಡಿದ್ದು ನಾನು. ಬೀಸಿದ್ದು ನಾನು. ರಾಗೀನೇ ಅಂತ ಅಜ್ಜಿಗೆ ಹೇಳಿದ್ದೂ ನಾನು. ಅದೆಲ್ಲ ನಂದೇ. ಸುಮ್ನಿರು ಅಂದಿದ್ದು ನೀವು, ಯಜಮಾನ್ರೇ. ಅದ್ ನಿಮ್ದು."

ಪಂಚಾಕ್ಷರಪ್ಪ ಮುಗಿದ ಕೈಯನ್ನು ಎಲ್ಲಿಡುವುದೋ ತಿಳಿಯದೆ ಜೇಬಿಗೆ ಹಾಕಿದ, ತೆಗೆದ. ಆಗ ಶಾಂಭವಿ ಮೊದಲ ಸಲ ತಲೆ ಎತ್ತಿದಳು.

"ನೀವು ಹೋಗಿ" ಎಂದಳು ಅವನಿಗೆ. "ಸಂಜೆ ತನ್ಕ ಇವ್ಳು ಇಲ್ಲೇ ಇರ್ತಾಳೆ."

ಅದು ಶಿಕ್ಷೆಯೋ ನಂಬಿಕೆಯೋ ಭುವನಾಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಶಾಂಭವಿ ಬೆಂಚಿನ ಮೇಲೆ ಸ್ವಲ್ಪ ಸರಿದಳು. ಭುವನಾ ಹೋಗಿ ಪಕ್ಕದಲ್ಲಿ ಕೂತು, ಕೂಸಿನ ಮುಖವನ್ನೇ ನೋಡತೊಡಗಿದಳು.