ನಮ್ಮವಳು ಪೈಪಿನಲ್ಲಿ ಸಿಕ್ಕಿಬಿದ್ದದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವಳು ಹೇಳುತ್ತಾಳೆ. ಶುದ್ಧ ಸುಳ್ಳು. ಸೋರುವ ನಲ್ಲಿ ಕಂಡರೆ ಮಾತ್ರ ನನಗೆ ಕೋಪ ಬರುತ್ತದೆ. ನಾನು ಪ್ಲಂಬರು. ನಾನು ಕೂಡಿಸಿದ ಪೈಪು ಸೋರಿತು ಎಂದು ಇವತ್ತಿನವರೆಗೆ ಒಬ್ಬರೂ ನಮ್ಮ ಬಾಗಿಲು ತಟ್ಟಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಮಗಳು ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಾಳೆ. ಕೆಲಸವೆಂದರೆ ಲೈಟು ಹಿಡಿಯುವುದು. ಕ್ಯಾಮೆರಾ ಕೊಡಿ ಎಂದು ಕೇಳಿ ಕೇಳಿ ಅವಳ ಬಾಯಿ ಸವೆದಿತ್ತು. ಆ ದಿನ ಬೆಳಿಗ್ಗೆ ಯಜಮಾನರು ಕೊನೆಗೂ ಒಂದು ಮಾತು ಕೊಟ್ಟರಂತೆ. ನಾಳೆಯ ಮದುವೆಗೆ ಎರಡನೇ ಕ್ಯಾಮೆರಾ ಬೇಕು, ಸಂಜೆಯೊಳಗೆ ಸ್ವಂತವಾಗಿ ತೆಗೆದದ್ದು ಏನಾದರೂ ತಂದು ತೋರಿಸು, ಚೆನ್ನಾಗಿದ್ದರೆ ಕ್ಯಾಮೆರಾ ನಿನ್ನ ಕೈಗೆ, ಇಲ್ಲದಿದ್ದರೆ ಲೈಟೇ ಗತಿ ಎಂದು. ಅವಳು ಅಲ್ಲಿಂದ ಓಡಿ ನೇರವಾಗಿ ನಾನು ಕೆಲಸ ಮಾಡುತ್ತಿದ್ದ ಕಟ್ಟಡದ ಪಂಪ್ ರೂಮಿಗೆ ಬಂದಳು.

"ಅಪ್ಪಾ, ಮೈಗೆ ಕಟ್ಟಿಕೊಳ್ಳೋ ಹಾಗೆ ಒಂದು ಕ್ಯಾಮೆರಾ ಸ್ಟ್ಯಾಂಡು ಮಾಡಿಕೊಡು. ನಡೆಯೋರ ಮುಖ ಅಲ್ಲಾಡಬಾರದು, ಹಿಂದೆ ರಸ್ತೆ, ಜನ, ಅಂಗಡಿ ಎಲ್ಲ ಓಡ್ತಾ ಇರಬೇಕು. ಕೊಳ್ಳೋಕೆ ಹೋದ್ರೆ ಮನೆ ಮಾರಬೇಕು."

"ಯಾವುದರಲ್ಲಿ ಮಾಡೋದು?"

"ನಿನ್ನ ಹತ್ತಿರ ಏನು ಬಿದ್ದಿದೆಯೋ ಅದರಲ್ಲಿ."

ನನ್ನ ಹತ್ತಿರ ಬಿದ್ದಿರುವುದು ಪೈಪು, ಮತ್ತೇನು? ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅವಳು ಬರೆದು ತೋರಿಸಿದಳು. ಸೊಂಟದ ಸುತ್ತ ಒಂದು ಚೌಕ. ಅದರಿಂದ ಎರಡು ಪೈಪು ಮುಂದಕ್ಕೆ ಚಾಚಿ, ಮೇಲಕ್ಕೆ ತಿರುಗಿ, ಮುಖದ ಎದುರಿಗೆ ಒಂದು ಅಡ್ಡ ಪೈಪಿಗೆ ಸೇರಬೇಕು. ಅಲ್ಲಿ ಫೋನು. ಉಳಿದ ಪೈಪು ಕತ್ತರಿಸಿ, ಪೈಪು ತಿರುಗಿಸುವ ಎಲ್ಬೋಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಹತಾರದ ಚೀಲ ಪಂಪ್ ರೂಮಿನಲ್ಲೇ ಇತ್ತು. ಮತ್ತೆ ಅಲ್ಲಿಗೇ ಹೋಗಬೇಕಲ್ಲ, ಯಾಕೆ ಹೊರುವುದು ಎಂದುಕೊಂಡೆ.

ನಮ್ಮವಳು ಮನೆಯಲ್ಲೇ ಬ್ಯಾಗು ಹೊಲಿಯುತ್ತಾಳೆ. ಹಳೆಯ ಶಾಲೆಬ್ಯಾಗಿನ ಎರಡು ಭುಜದ ಪಟ್ಟಿ ಬಿಚ್ಚಿ, ಪೈಪಿಗೆ ಸುತ್ತಿ ಹೊಲಿದುಕೊಟ್ಟಳು. ತಾಯಿ ಮಗಳು ಒಂದೇ ಮೈಕಟ್ಟು. ಹಾಗಾಗಿ ಮಗಳು, "ಅಮ್ಮಾ, ಒಂದ್ನಿಮಿಷ ನೀನು ಹಾಕ್ಕೊಂಡು ನಿಂತ್ಕೋ. ಮುಖ ಎಲ್ಲಿ ಬರುತ್ತೆ ಅಂತ ನೋಡ್ಕೊತೀನಿ. ಆಮೇಲೆ ನಾನೇ ಹಾಕ್ಕೊಂಡು ಬೀದಿ ಸುತ್ತುತೀನಿ," ಎಂದಳು.

"ನನ್ನ ಮುಖ ತೆಗೀಬೇಡ."

"ಇಲ್ಲಮ್ಮ, ಬರೀ ಅಳತೆ."

ಕ್ಯಾಮೆರಾ ಎಂದರೆ ನಮ್ಮವಳು ಕಲ್ಲಾಗುತ್ತಾಳೆ. ನಮ್ಮ ಮದುವೆಯ ಫೋಟೊದಲ್ಲೂ ಯಾರೋ ಬಲವಂತವಾಗಿ ಎಳೆದು ತಂದು ನಿಲ್ಲಿಸಿದವಳ ಹಾಗಿದ್ದಾಳೆ. ಆದರೂ ಮಗಳ ಕೆಲಸದ ಮಾತು ಎಂದು ಕೈ ಎತ್ತಿ ನಿಂತಳು. ನಾನು ಚೌಕವನ್ನು ಅವಳ ಸೊಂಟಕ್ಕೆ ಬಳಸಿ, ಅಲುಗಾಡದ ಹಾಗೆ ಬಿಗಿ ಹಿಡಿದು, ಬೆನ್ನ ಹಿಂದಿನ ಕೊನೆಯ ಎರಡು ಜಾಯಿಂಟು ಕೂಡಿಸಿದೆ. ಫೋನು ಕೂರಿಸಿದ್ದಾಯಿತು. ಮಗಳು ಅತ್ತ ಇತ್ತ ನೋಡಿ, "ಸಕತ್ತಾಗಿದೆ ಅಪ್ಪಾ! ಬಿಚ್ಚು," ಎಂದಳು.

ಎಳೆದೆ. ಬರಲಿಲ್ಲ. ತಿರುಚಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಗ ನನ್ನ ಬಲಗೈ ನೋಡಿಕೊಂಡೆ. ಬೆರಳ ತುದಿಗೆ ಪೈಪು ಅಂಟಿಸುವ ಸೊಲ್ಯೂಷನ್ ಮೆತ್ತಿಕೊಂಡಿತ್ತು. ಅದರ ಡಬ್ಬಿ ಸದಾ ನನ್ನ ಜೇಬಿನಲ್ಲಿರುತ್ತದೆ, ಪೈಪಿನ ತುದಿ ಕಂಡರೆ ಕೈ ತಾನಾಗಿ ಹಚ್ಚಿಬಿಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಸೊಲ್ಯೂಷನ್ ಹಚ್ಚಿದ ಜಾಯಿಂಟನ್ನು ದೇವರೇ ಬಂದರೂ ಬಿಚ್ಚಲಾರ.

"ಏನ್ರೀ ಆಯ್ತು?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ಹೇಳ್ರೀ!"

ಹೇಳಿದೆ. ಅವಳು ಬಾಯಿ ತೆರೆದಳು. ಅದರಿಂದ ಬಂದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಮೇಲಕ್ಕೆ ಎತ್ತಿದರೆ ಭುಜ ಅಡ್ಡ, ಕೆಳಕ್ಕೆ ಇಳಿಸಿದರೆ ಸೊಂಟ ಅಡ್ಡ. ಕತ್ತರಿಸಲು ಹ್ಯಾಕ್ಸಾ ಬೇಕು, ಹ್ಯಾಕ್ಸಾ ಪಂಪ್ ರೂಮಿನಲ್ಲಿದೆ. "ನೀನು ಇಲ್ಲೇ ಇರು, ಓಡಿಹೋಗಿ ತರ್ತೀನಿ," ಎಂದೆ.

"ನೀವು ದಾರೀಲಿ ಯಾರದೋ ನಲ್ಲಿ ಸೋರ್ತಿದೆ ಅಂತ ಅಲ್ಲೇ ಕೂತುಬಿಡ್ತೀರ. ಗೂಟಕ್ಕೆ ಕಟ್ಟಿದ ಹಸು ಥರ ನಾನಿಲ್ಲಿ ನಿಂತಿರಲಾ? ನಡೀರಿ!"

ಹೊರಟೇಬಿಟ್ಟಳು. ಎದುರಿಗೆ ಚಾಚಿದ ಪೈಪು ಮೊದಲು ಬಾಗಿಲು ದಾಟಿತು, ಹಿಂದೆ ಇವಳು. ಮಗಳು ಮುಂದೆ ಓಡಿ ದಾರಿ ಬಿಡಿಸುತ್ತಿದ್ದಳು. ಸೈಕಲ್ ಅಂಗಡಿಯವನು ಪಂಪು ಕೈಯಲ್ಲೇ ಹಿಡಿದು ನಿಂತ. ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡದ ಗಿರಾಕಿ ಎದ್ದು ಬಾಗಿಲಿಗೆ ಬಂದ. ಎದುರುಮನೆಯ ಅಜ್ಜಿ ಕಿಟಕಿಯಿಂದ, "ಏನಮ್ಮಾ ಅದು?" ಎಂದು ಕೂಗಿದಳು.

"ನಮ್ಮನೆಯವರು ಮಾಡಿಸಿಕೊಟ್ಟ ಒಡವೆ ಅಜ್ಜಿ! ಬಿಚ್ಚೋಕೇ ಬರಲ್ಲ, ಅಷ್ಟು ಗಟ್ಟಿ!"

ಅಜ್ಜಿ ನಕ್ಕಿದ್ದೇ ತಡ, ನಮ್ಮವಳಿಗೂ ತಡೆಯಲಾಗಲಿಲ್ಲ. ಬೈಯುತ್ತ ಬೈಯುತ್ತಲೇ ನಗತೊಡಗಿದಳು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಳ್ಳೋಣವೆಂದರೆ ಪೈಪು ಅಡ್ಡ. ನನಗೆ ಮಾತ್ರ ತಲೆ ಎತ್ತಲು ನಾಚಿಕೆ.

ಪಂಪ್ ರೂಮಿನಲ್ಲಿ ಅವಳನ್ನು ನಿಲ್ಲಿಸಿ, ಪಕ್ಕದಲ್ಲಿ ಮೊಣಕಾಲೂರಿ, ಪೈಪಿನಡಿ ಬಟ್ಟೆ ಇಟ್ಟು ನಿಧಾನವಾಗಿ ಕೊಯ್ದೆ. ಬ್ಲೇಡು ಎಲ್ಲಿ ಅವಳಿಗೆ ತಾಗೀತೋ ಎಂದು ನನ್ನ ಬೆನ್ನೆಲ್ಲ ಬೆವರಿತ್ತು. ಚೌಕ ಎರಡು ತುಂಡಾಗಿ ಬಿಟ್ಟುಕೊಂಡಿತು. ತಲೆಯ ಮೇಲಿಂದ ಎತ್ತಿ ತೆಗೆಯುವಾಗ ಬಿಳಿ ಪುಡಿ ಅವಳ ಮೇಲೆಲ್ಲ ಉದುರಿತು.

ಆಗ ಮಗಳ ಮುಖ ನೋಡಿದೆ. ಹೊತ್ತು ಇಳಿಯುತ್ತಿತ್ತು. ಹೊಸದು ಮಾಡೋಣವೆಂದರೆ ಇನ್ನೊಂದು ಎಲ್ಬೋ ಇರಲಿಲ್ಲ. ನನ್ನ ಅಭ್ಯಾಸದ ಕೈ ಮಗಳ ಬಾಯಿಗೆ ಮಣ್ಣು ಹಾಕಿತಲ್ಲ ಎಂದು ಸಂಕಟವಾಯಿತು. ಅವಳು ಫೋನು ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಮೆಲ್ಲಗೆ ಅಂದಳು.

"ಅಮ್ಮಾ, ಬೈಬೇಡ. ಅಳತೆ ನೋಡುವಾಗ ವಿಡಿಯೋ ಆನ್ ಮಾಡಿದ್ದು, ಆಫ್ ಮಾಡೋದು ಮರೆತೆ. ದಾರಿ ಉದ್ದಕ್ಕೂ ಬಂದಿದೆ."

ನಮ್ಮವಳ ನಗು ನಿಂತುಹೋಯಿತು. "ಅಳಿಸು."

"ಸರಿ ಅಮ್ಮ." ಮಗಳು ಅಳಿಸುವ ಗುಂಡಿಯ ಮೇಲೆ ಬೆರಳು ಇಟ್ಟಳು.

"ತಡಿ. ಅದನ್ನ ತೋರಿಸಿದ್ರೆ ಕ್ಯಾಮೆರಾ ಕೊಡ್ತಾರಾ?"

"ಗೊತ್ತಿಲ್ಲಮ್ಮ. ನನ್ನ ಹತ್ತಿರ ಬೇರೆ ಏನೂ ಇಲ್ಲ."

ನಮ್ಮವಳು ಬಟ್ಟೆಗಂಟಿದ ಪೈಪಿನ ಪುಡಿ ಕೊಡವಿಕೊಂಡಳು. "ತೋರಿಸು ಹೋಗು. ನಾನಂತೂ ಬರಲ್ಲ, ನೋಡೋದೂ ಇಲ್ಲ. ನಿಮ್ಮಪ್ಪನ್ನ ಕರ್ಕೊಂಡು ಹೋಗು. ಬೈಸಿಕೊಳ್ಳೋದಾದ್ರೆ ಅವರೇ ಬೈಸಿಕೊಳ್ಳಲಿ."

ಸ್ಟುಡಿಯೋ ಯಜಮಾನರು ದೊಡ್ಡ ಟೀವಿಗೆ ಹಾಕಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತೆರೆಯ ತುಂಬ ನಮ್ಮವಳ ಮುಖ, ಸ್ವಲ್ಪವೂ ಅಲುಗಾಡದೆ. ಹಿಂದೆ ಬೀದಿಗೆ ಬೀದಿಯೇ ಓಡುತ್ತಿದೆ. ಅಜ್ಜಿಗೆ ಕೊಟ್ಟ ಉತ್ತರ ಕೇಳಿ ಯಜಮಾನರು ಕುರ್ಚಿಯಲ್ಲೇ ಹೊರಳಾಡಿದರು. ಮಗಳು ಉಗುರು ಕಚ್ಚುತ್ತಿದ್ದಳು.

ಆಮೇಲೆ ಪಂಪ್ ರೂಮು ಬಂತು. ಹಿಂದಿನ ಓಟ ನಿಂತು ಬರೀ ಸುಣ್ಣದ ಗೋಡೆ. ನಾನು ಕೆಳಗಿದ್ದೆನಲ್ಲ, ತೆರೆಯಲ್ಲಿ ಎಲ್ಲೂ ಇಲ್ಲ. ಹ್ಯಾಕ್ಸಾದ ಕರಕರ ಸದ್ದು, ನನ್ನ ಗೊಣಗಾಟ, ಅಷ್ಟೇ. ನಮ್ಮವಳು ಕೆಳಗೆ, ನನ್ನ ನೆತ್ತಿಯನ್ನು ನೋಡುತ್ತಿದ್ದಾಳೆ. ಬೈಗುಳ ಮುಗಿದಿದೆ, ನಗು ಇನ್ನೂ ತುಟಿಯಲ್ಲಿ ಒಂದಿಷ್ಟು ಉಳಿದಿದೆ. ಆಗಷ್ಟೇ ನನ್ನನ್ನು ಮೆಚ್ಚಿ ಮದುವೆಗೆ ಒಪ್ಪಿದ ಹುಡುಗಿಯ ಹಾಗೆ ನೋಡುತ್ತಿದ್ದಾಳೆ. ಒಮ್ಮೆ ನನ್ನ ತಲೆ ಸವರಲು ಕೈ ಎತ್ತಿದಳು, ಮಗಳಿದ್ದಾಳೆ ಎಂದು ನೆನಪಾಯಿತೇನೋ, ಇಳಿಸಿದಳು.

ಯಜಮಾನರು ಆ ಭಾಗವನ್ನು ಮತ್ತೊಮ್ಮೆ ಹಾಕಿ ನೋಡಿದರು. "ನಾಳೆ ಬೇಗ ಬಾಮ್ಮ. ಕ್ಯಾಮೆರಾ ನೀನೇ ಹಿಡಿ," ಎಂದರು. ಮಗಳು ಕುಣಿದುಬಂದು ನನ್ನನ್ನು ತಬ್ಬಿಕೊಂಡಳು. ನನಗೂ ಎಲ್ಲಿಲ್ಲದ ಖುಷಿ. ಆದರೆ ಮನಸ್ಸು ಆ ಪಂಪ್ ರೂಮಿನಲ್ಲೇ ಉಳಿದಿತ್ತು.

ಮನೆಗೆ ಬಂದಾಗ ನಮ್ಮವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಗಳು ಸುದ್ದಿ ಹೇಳಿ, ಅವಳ ಕೆನ್ನೆ ಹಿಂಡಿ, ನೆರೆಯವರಿಗೆಲ್ಲ ಹೇಳಲು ಓಡಿದಳು.

"ನನ್ನ ಮುಖ ನೋಡಿ ನಕ್ಕರಾ?"

"ನಕ್ಕರು."

"ನೀವು?"

"ನಾನು ನೋಡಿದೆ," ಎಂದೆ.

ಅವಳು ಸೂಜಿಗೆ ದಾರ ಪೋಣಿಸಲು ತಲೆ ಬಗ್ಗಿಸಿದಳು. ಬೈತಲೆಯಲ್ಲಿ ಪೈಪಿನ ಬಿಳಿ ಪುಡಿ ಇನ್ನೂ ಇತ್ತು. ನಾನು ಕೈ ಇಟ್ಟು ಒರೆಸಿದೆ. ಪುಡಿ ಹೋದಮೇಲೂ ಕೈ ತೆಗೆಯಲಿಲ್ಲ.

"ಏನ್ರೀ ಇದು ಹೊಸದು?" ಎಂದಳು, ತಲೆ ಎತ್ತದೆ.

"ಹೊಲಿ, ಸುಮ್ಮನೆ ಹೊಲಿ," ಎಂದೆ.