ಆಷಾಢದ ಮೆಂತ್ಯಸೊಪ್ಪು

ನಾನು ರಾಯಚೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಲಿಸುವವರಿಗೆ ಒಂದು ಕೆಟ್ಟ ಚಾಳಿ, ಉತ್ತರವಿಲ್ಲದ ಕಡೆಯೂ ಪಾಠ ಶುರು ಮಾಡುತ್ತೇವೆ. ಅಪ್ಪನ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಔಷಧ ಹತ್ತುವುದಿಲ್ಲ, ಹೆಚ್ಚೆಂದರೆ ಆರು ತಿಂಗಳು ಎಂದು ಹೈದರಾಬಾದಿನ ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ನಾನು ಮಾನ್ವಿಯ ಮನೆಗೆ ಬಂದು ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದೆ.

"ಕಬ್ಬಿಣಕ್ಕ ತುಕ್ಕು ಹಿಡಿತದಲ್ಲ, ಹಂಗ ಮೈಯೊಳಗೂ ಹಿಡಿತದಪ್ಪಾ. ಅದನ್ನ ತಡಿಯೋ ಶಕ್ತಿನೂ ಮೈಯೊಳಗೇ ಅದ. ದಿನಾ ನಡದ್ರ ಅದು ಹೆಚ್ಚಾಗ್ತದ. ಸೊಪ್ಪು, ಕಾಯಿಪಲ್ಯ, ಹಣ್ಣು ತಿಂದ್ರ ಅದಕ್ಕ ಬಲ ಬರ್ತದ."

ಇದರಲ್ಲಿ ಸುಳ್ಳಿಲ್ಲ. ಆದರೆ ಅಪ್ಪನ ಶ್ವಾಸಕೋಶಕ್ಕೆ ಇದರಿಂದ ಏನೂ ಆಗುವಂತಿರಲಿಲ್ಲ. ಆ ಮಾತನ್ನು ನುಂಗಿಕೊಂಡೆ.

ಅಪ್ಪ ಜಗನ್ನಾಥಾಚಾರ್ಯರು ಗಣಿತದ ಮಾಸ್ತರರಾಗಿದ್ದವರು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ದಿನಾ ಬೆಳಿಗ್ಗೆ ಏದುಸಿರು ಬಿಡುತ್ತ, ನಾಲ್ಕು ಕಡೆ ಕೂತು ಎದ್ದು ಬಸ್ ಸ್ಟ್ಯಾಂಡಿನ ತನಕ ನಡೆದು ಬರುತ್ತಿದ್ದರು. ದೇವದುರ್ಗದ ಕಡೆಯಿಂದ ಸೊಪ್ಪು ತರುವ ಕರೆಮ್ಮನ ಬುಟ್ಟಿ ಮೊದಲು ನಮ್ಮ ಕಟ್ಟೆಯ ಮೇಲೇ ಇಳಿಯುತ್ತಿತ್ತು. "ನಿಮ್ಮಮ್ಮ ನನ್ನ ಆಕಳ ಮಾಡ್ಯಾಳ, ಹಾಲು ಕೊಡೋದೊಂದು ಬಾಕಿ" ಎಂದು ಅಪ್ಪ ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು.

ಆಷಾಢ ಬಂತು. ಚಾತುರ್ಮಾಸದ ಮೊದಲ ತಿಂಗಳು ನಮ್ಮ ಮನೆಗಳಲ್ಲಿ ಶಾಕವ್ರತ. ಸೊಪ್ಪು, ತರಕಾರಿ ಅಡುಗೆಮನೆ ಹೊಗುವಂತಿಲ್ಲ. ಅಮ್ಮ ಫೋನು ಮಾಡಿದಳು.

"ಶ್ರೀವಲ್ಲಿ, ಈ ವರ್ಷ ವ್ರತ ಬಿಡಲೇನು? ಮದುವ್ಯಾದಾಗಿಂದ ಒಮ್ಮೆನೂ ಬಿಟ್ಟಿಲ್ಲ. ನೀ ಹೂಂ ಅಂದ್ರ ಬಿಡ್ತೀನಿ."

ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದು ನನಗೆ ಗೊತ್ತಿತ್ತು. "ಬಿಡಬ್ಯಾಡಮ್ಮಾ, ಒಂದು ತಿಂಗಳಿಗೆ ಏನಾಗ್ತದ" ಎಂದೆ. ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡೆ ಬೇರೆ.

ವ್ರತದ ಹದಿನೆಂಟನೆಯ ದಿನ ನಡೆಯಲು ಹೋದ ಅಪ್ಪ ದಾರಿಯಲ್ಲೇ ಕುಸಿದರು. ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು.

ಮಾನ್ವಿಗೆ ಕರೆತಂದ ಮಧ್ಯಾಹ್ನವೇ ಅಡುಗೆಮನೆಯಿಂದ ಮೆಂತ್ಯಸೊಪ್ಪಿನ ವಾಸನೆ ಬಂತು. ವ್ರತ ಮುಗಿಯಲು ಇನ್ನೂ ಹತ್ತು ದಿನವಿತ್ತು. ಅಮ್ಮ ಅನ್ನಕ್ಕೆ ಪಲ್ಯ ಕಲಸಿ ತಂದು, ಆಕ್ಸಿಜನ್ ಮಾಸ್ಕ್ ಸರಿಸಿ ಅಪ್ಪನ ಬಾಯಿಗೆ ತುತ್ತಿಟ್ಟಳು. ಅವರಿಗೆ ನುಂಗಲಾಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿ, ಮಾಸ್ಕ್ ಹಾಕಿ, ಇನ್ನೊಂದು ತುತ್ತು ಕಲಸತೊಡಗಿದಳು.

"ನಾನೇ ಕೊಂದೆ ಇವರನ್ನ," ಎಂದಳು. "ನಾಕು ದಿನದ ಪುಣ್ಯಕ್ಕ ಆಸಿಬಿದ್ದು ಸೊಪ್ಪು ನಿಲ್ಲಿಸಿದೆ."

ಅವಳ ಕೈ ಹಿಡಿದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಸೊಪ್ಪಿನಿಂದ ಏನೂ ಆಗುತ್ತಿರಲಿಲ್ಲ, ನಿನ್ನ ತಪ್ಪಿಲ್ಲ ಎಂದೆ.

"ಮೊದಲಿಂದ್ಲೂ ಗೊತ್ತಿತ್ತೇನು ನಿನಗ?"

"ಗೊತ್ತಿತ್ತಮ್ಮಾ."

"ಹಂಗಾದ್ರ ಅಷ್ಟು ದಮ್ಮಿನ್ಯಾಗ ಇವರನ್ನ ದಿನಾ ಯಾಕ ನಡಸಿದಿ?"

ಆಗ ಅಪ್ಪನ ಕೈ ಅಲುಗಿತು. ಅವರು ಎಚ್ಚರವಾಗಿಯೇ ಇದ್ದರು. ನಾನು ಬಗ್ಗಿ ಮಾಸ್ಕಿನ ಹತ್ತಿರ ಕಿವಿಯಿಟ್ಟೆ.

"ಉಳಿತೀನಿ ಅಂತ ನಡದಿದ್ದೆ, ಶ್ರೀವಲ್ಲಿ," ಎಂದರು.